ಟೂರ್‌ಗೆ ಹೊರಡುವ ಮುನ್ನ, ಮನೆಯ ಪುಟಾಣಿಗಾಗಿ

ಮಗು ಮಲಗಿದ್ದಾಗ ಕದ್ದು ಹೊರಡಬೇಡಿ. ದೇವನಹಳ್ಳಿ ಏರ್‌ಪೋರ್ಟ್‌ಗೆ ಕ್ಯಾಬ್ ನಡುರಾತ್ರಿಗಿದ್ದರೆ ಸಂಜೆಯೇ ಹೇಳಿಬಿಡಿ: "ನೀನು ಏಳುವಾಗ ಅಪ್ಪ ಇರಲ್ಲ, ಅಜ್ಜಿ ಹಾಲು ಕೊಡ್ತಾರೆ." ಹೇಳದೆ ಹೋದರೆ, ಆಮೇಲೆ ಅಪ್ಪ ಸ್ನಾನಕ್ಕೆ ಹೋದರೂ ಬಾತ್‌ರೂಮ್ ಬಾಗಿಲಲ್ಲಿ ಅಳು.

ಮೂರು ವರ್ಷದ ಮಗುವಿಗೆ 'ಶುಕ್ರವಾರ ಬರ್ತೀನಿ' ಅಂದರೆ ಅರ್ಥವಾಗದು. ಎಷ್ಟು ರಾತ್ರಿಯೋ ಅಷ್ಟು ಬಟ್ಟೆ ಕ್ಲಿಪ್ಪುಗಳನ್ನು ದಾರಕ್ಕೆ ಸಿಕ್ಕಿಸಿ. ದಿನಾ ಮಲಗುವಾಗ ಒಂದನ್ನು ಮಗುವೇ ತೆಗೆಯಲಿ. ಫ್ಲೈಟ್ ತಡವಾಗುವುದುಂಟು, ಒಂದು ಕ್ಲಿಪ್ಪು ಹೆಚ್ಚಿಗೇ ಇರಲಿ. ಬೇಗ ಬಂದರೆ ಯಾರೂ ಜಗಳಕ್ಕೆ ಬರಲ್ಲ.

ಮಲಗುವ ಹೊತ್ತಿಗೆ ವಿಡಿಯೋ ಕಾಲ್ ಬೇಡ, ನಿದ್ದೆ ಕೆಡುತ್ತದೆ. ಸಂಜೆ 6:30 ಸರಿ. ನೀವು ಹೋಗಿರುವುದು ಜರ್ಮನಿಗಾದರೆ, ಅಲ್ಲಾಗ ಬೇಸಿಗೆಯಾದರೆ ಮಧ್ಯಾಹ್ನ 3, ಚಳಿಗಾಲವಾದರೆ 2 ಗಂಟೆ. "ಊಟ ಆಯ್ತಾ?" ಅಂದರೆ ಮಗು ಓಡಿಹೋಗುತ್ತದೆ, ಹೋಟೆಲ್ ಲಿಫ್ಟ್ ತೋರಿಸಿ. ಐದು ನಿಮಿಷ ಸಾಕು.