ಹಳೆ ಕೊರಿಯನ್ ಫೈಲುಗಳನ್ನು ಯುಟಿಎಫ್-8ಕ್ಕೆ ತಂದದ್ದು

ಕೊರಿಯಾದ ಗ್ರಾಹಕರ ಹೆಸರು, ವಿಳಾಸ ತುಂಬಿದ ಹಳೆ ಫೈಲುಗಳನ್ನು ಯುಟಿಎಫ್-8ಕ್ಕೆ (ಎಲ್ಲ ಭಾಷೆಗಳ ಲಿಪಿಗೂ ಆಗುವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳೆಂಬ ಸಂಖ್ಯೆಗಳಾಗಿ ಉಳಿಸುವ ಪದ್ಧತಿ) ಬದಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜೊತೆಗಿದ್ದ ವಿವರದಲ್ಲಿ ಎನ್‌ಕೋಡಿಂಗ್ ‘ಇಯುಸಿ-ಕೆಆರ್’ ಎಂದಿತ್ತು. ಆ ಹೆಸರನ್ನು ನಾನು ಸುಮ್ನೆ ನಂಬುವುದಿಲ್ಲ.

ಇಯುಸಿ-ಕೆಆರ್ ನಿಂತಿರುವುದು ಕೆಎಸ್ ಸಿ 5601 ಎಂಬ 1987ರ ಕೊರಿಯನ್ ಮಾನದಂಡದ ಮೇಲೆ. ಅದರಲ್ಲಿ ವ್ಯಂಜನ, ಸ್ವರಗಳನ್ನು ಪೂರ್ತಿ ಜೋಡಿಸಿದ ಹಂಗುಲ್ (ಕೊರಿಯನ್ ಲಿಪಿ) ಅಕ್ಷರಗಳು 2,350 ಮಾತ್ರ. ಆದರೆ ಹಂಗುಲ್‌ನಲ್ಲಿ ಮೊದಲ ವ್ಯಂಜನ 19, ಸ್ವರ 21, ಕೊನೆಯ ವ್ಯಂಜನ 27. ಕೊನೆಯದು ಇಲ್ಲದಿರುವುದೂ ಒಂದು ಬಗೆ, ಹಾಗಾಗಿ 28. ಗುಣಿಸಿದರೆ 11,172. ಉಳಿದ 8,822 ಅಕ್ಷರಗಳನ್ನು ಮೈಕ್ರೋಸಾಫ್ಟ್ ಸಿಪಿ949 ಎಂಬ ತನ್ನ ಎನ್‌ಕೋಡಿಂಗ್‌ನಲ್ಲಿ ಖಾಲಿ ಜಾಗಗಳಿಗೆ ತುಂಬಿತು. ಜನ ಮಾತ್ರ ಅದಕ್ಕೂ ಹಳೆ ಹೆಸರನ್ನೇ ಬಳಸುತ್ತಾ ಬಂದರು.

ಇದನ್ನು ಪರೀಕ್ಷಿಸಲು ‘ತ್ತೋಮ್’ ಎಂಬ ಒಂದು ಅಕ್ಷರ ಸಾಕು. ಅದು 2,350ರ ಪಟ್ಟಿಯಲ್ಲಿಲ್ಲ. ಸಿಪಿ949ರಲ್ಲಿ ಅದರ ಬೈಟುಗಳು 140 ಮತ್ತು 99. ಪೈಥಾನ್‌ನಲ್ಲಿ ಇದನ್ನು ‘ಇಯುಸಿ-ಕೆಆರ್’ ಎಂದು ಓದಿಸಿದರೆ 140ರ ಹತ್ತಿರವೇ ದೋಷ ಬರುತ್ತದೆ. ದೋಷ ಬಂದರೆ ಬಿಟ್ಟುಬಿಡು ಎಂದು ಹೇಳಿದರೆ ಇನ್ನೂ ಕೆಟ್ಟದ್ದು. 140 ಮಾಯವಾಗಿ, 99 ಇಂಗ್ಲಿಷಿನ ಸಣ್ಣ ‘ಸಿ’ ಆಗಿ ಹೆಸರಿನ ನಡುವೆ ಕೂರುತ್ತದೆ. ಯಾರದೋ ಹೆಸರು ಅದು, ಹಾಗೆ ಆಗಬಾರದು ಅಲ್ವಾ? ಎಲ್ಲವನ್ನೂ ಸಿಪಿ949 ಎಂದೇ ಓದಿಸಿದೆ. ಆ 2,350 ಅಕ್ಷರಗಳಿಗೆ ಎರಡರಲ್ಲೂ ಬೈಟುಗಳು ಒಂದೇ, ಆದ್ದರಿಂದ ನಷ್ಟವೇನೂ ಇಲ್ಲ.

ಯುನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ, ಯುಟಿಎಫ್-8 ಉಳಿಸುವುದು ಆ ಸಂಖ್ಯೆಗಳನ್ನೇ. ಅದರ 2.0 ಆವೃತ್ತಿ (1996) ಬಂದ ಮೇಲೆ 11,172 ಅಕ್ಷರಗಳೂ 44032ರಿಂದ ಸಾಲಾಗಿ ಕೂತಿವೆ. ‘ಹನ್’ ತೆಗೆದುಕೊಳ್ಳಿ. ಎಣಿಕೆ ಸೊನ್ನೆಯಿಂದ ಶುರು: ‘ಹ’ 18, ‘ಅ’ 0, ಕೊನೆಯ ‘ನ್’ 4. 18ನ್ನು 21ರಿಂದ ಗುಣಿಸಿ 0 ಕೂಡಿಸಿ, ಬಂದದ್ದನ್ನು 28ರಿಂದ ಗುಣಿಸಿ 4 ಕೂಡಿಸಿದರೆ 10588. ಅದಕ್ಕೆ 44032 ಸೇರಿಸಿದರೆ 54620. ಪಟ್ಟಿಯೇ ಬೇಡ, ಲೆಕ್ಕವೇ ಸಾಕು! ಕನ್ನಡದ ‘ಸ್ತ್ರೀ’ಗೆ ಹೀಗೆ ಒಂದೇ ಸಂಖ್ಯೆ ಇಲ್ಲ, ಬಿಡಿಬಿಡಿಯಾಗಿಯೇ ಉಳಿಸುತ್ತೇವೆ. ಹಂಗುಲ್‌ಗೆ ಎರಡೂ ದಾರಿ ಇದೆ, ತೊಡಕೂ ಅಲ್ಲೇ ಇದೆ. ಮ್ಯಾಕ್‌ನಿಂದ ಬಂದ ಕೆಲವು ಫೈಲುಗಳ ಹೆಸರು ವಿಂಡೋಸ್‌ನಲ್ಲಿ ಚೂರುಚೂರಾಗಿ ಕಂಡಿತು. ‘ಹನ್’ ಮೂರು ತುಂಡಾಗಿ, ಮೂರು ಬೈಟಿನ ಬದಲು ಒಂಬತ್ತು ಬೈಟು ಹಿಡಿದಿತ್ತು. ತುಂಡುಗಳನ್ನು ಒಂದೇ ಅಕ್ಷರವಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ಯುನಿಕೋಡ್ ವಿಧಾನ ಓಡಿಸಿದ ಮೇಲೆ ಕೂಡಿಕೊಂಡಿತು.

ಆದರೆ ಗ್ರಾಹಕರ ಹೆಸರಿನ ಪಟ್ಟಿಗಳ ಮೇಲೆ ಎನ್‌ಎಫ್‌ಸಿಯನ್ನು ಕಣ್ಣುಮುಚ್ಚಿ ಓಡಿಸಲಿಲ್ಲ. ಹಳೆ ಮಾನದಂಡದಲ್ಲಿ ಚೀನೀ ಮೂಲದ ಹಂಜಾ ಅಕ್ಷರಗಳೂ ಇವೆ. ಒಂದೇ ಅಕ್ಷರಕ್ಕೆ ಎರಡು ಓದು ಇದ್ದರೆ ಎರಡು ಜಾಗ ಕೊಟ್ಟಿದ್ದಾರೆ. ಕಿಮ್ ಮನೆತನದ ಅಕ್ಷರವನ್ನು ‘ಕಿಮ್’ ಎಂದೂ ‘ಗುಮ್’ ಎಂದೂ ಓದುತ್ತಾರೆ, ಅದಕ್ಕೂ ಎರಡು ಜಾಗ. ಹೀಗೆ ಜಾಸ್ತಿಯಾದವು 268. ಎನ್‌ಎಫ್‌ಸಿ ಇವನ್ನು ಒಂದಾಗಿಸುತ್ತದೆ, ಆಮೇಲೆ ಮೂಲದ ಬೈಟು ಸಿಗುವುದಿಲ್ಲ. ಅದಕ್ಕೇ ಮೊದಲು ಯುಟಿಎಫ್-8ರಿಂದ ಸಿಪಿ949ಕ್ಕೆ ವಾಪಸ್ ತಂದು, ಮೂಲದ ಜೊತೆ ಬೈಟಿಗೆ ಬೈಟು ಹೋಲಿಸಿದೆ. ಸರಿಹೋದ ಮೇಲೆಯೇ ಡೇಟಾಬೇಸಿಗೆ ಹಾಕಿದೆ, ಅದೂ ಹೆಸರಿನ ಕಾಲಂ ಅಗಲವನ್ನು 20 ಬೈಟಿನಿಂದ 30ಕ್ಕೆ ಏರಿಸಿ. ಎರಡು ಬೈಟಿನ ಹಂಗುಲ್ ಯುಟಿಎಫ್-8ರಲ್ಲಿ ಮೂರು ಬೈಟು ಕೇಳುತ್ತದೆ.