ಸೂಜಿತೂತು ಎಲ್ಲಿರಬೇಕು: ಕೊಡಗಿನ ಮಳೆಗೆ ಚಾರಣದ ಸರಂಜಾಮು ಹೊಲಿಯುವ ಬಗೆ

ಕೊಡಗಿನಲ್ಲಿ ನಾಟಿಯ ಕಾಲಕ್ಕೆ ಮಳೆ ತಡೆಯಲು ಬೆನ್ನಿಗೇರುತ್ತಿದ್ದ ಗೊರಬೆಯನ್ನು ತಿರುಗಿಸಿ ನೋಡಿದರೆ, ಬಿದಿರಿನ ಹೆಣಿಗೆಗಳ ನಡುವೆ ಒಣ ಎಲೆಗಳನ್ನು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿರುವುದು ಕಾಣುತ್ತದೆಯೇ ಹೊರತು, ಸೂಜಿ ಚುಚ್ಚಿದ ಒಂದು ತೂತೂ ಸಿಗುವುದಿಲ್ಲ. ಬಟ್ಟೆಯಿಂದ ಮಳೆಯ ಸರಂಜಾಮು ಹೊಲಿಯುವವರಿಗೆ ಈ ಅನುಕೂಲವಿಲ್ಲ. ನೀರು ಒಳಬಿಡದ ನೈಲಾನ್ ಬಟ್ಟೆಯನ್ನು ಎಷ್ಟು ಬೆಲೆ ಕೊಟ್ಟು ತಂದರೂ ಅದನ್ನು ಯಂತ್ರದ ಕೆಳಗಿಟ್ಟ ಮರುಕ್ಷಣವೇ ನಾವು ಅದಕ್ಕೆ ನೂರಾರು ರಂಧ್ರಗಳನ್ನು ಕೊರೆಯಲು ಶುರುಮಾಡುತ್ತೇವೆ. ಆದ್ದರಿಂದ ಈ ಕೆಲಸದಲ್ಲಿ ಹೊಲಿಗೆಯ ಅಂದಕ್ಕಿಂತ ಮೊದಲು ಯೋಚಿಸಬೇಕಾದದ್ದು ತೂತು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದನ್ನು.

ಯಂತ್ರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮನೆಯಲ್ಲಿರುವ ಕಾಲಿನಿಂದ ತುಳಿಯುವ ಹಳೆಯ ಕಪ್ಪು ಯಂತ್ರವೇ ಸಾಕು. ನೇರ ಹೊಲಿಗೆ ಹಾಕಿದರೆ ನಮ್ಮ ಕೆಲಸ ನಡೆಯುತ್ತದೆ. ತೆಳುವಾದ ನೈಲಾನ್ ಬಟ್ಟೆಗೆ 11 ಅಥವಾ 12ನೇ ನಂಬರಿನ ಹೊಸ ಸೂಜಿ, ಹತ್ತಿಯ ಬಟ್ಟೆಗೆ 14, ಬ್ಯಾಗಿನ ದಪ್ಪ ಪಟ್ಟಿಗೆ 16 ಅಥವಾ 18 ಇರಲಿ. ದಾರ ಮಾತ್ರ ಪಾಲಿಯೆಸ್ಟರಿನದೇ ಆಗಬೇಕು. ಹತ್ತಿಯ ದಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಥಂಡಿಯಲ್ಲಿ ಬೂಷ್ಟು ಹಿಡಿದು ಕೊಳೆಯುತ್ತದೆ, ಹೊರಗಿನಿಂದ ನೋಡಿದರೆ ಅದು ಗೊತ್ತಾಗುವುದೂ ಇಲ್ಲ.

ಮೊದಲ ಸಲ ಹೊಲಿಯುವವರು ಜಿಗಣೆ ಕಾಲುಚೀಲದಿಂದ ಆರಂಭಿಸುವುದು ಒಳ್ಳೆಯದು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ದಾರಿಯಲ್ಲಾಗಲಿ, ಮನೆಯ ಹಿಂದಿನ ಕಾಫಿ ತೋಟದಲ್ಲಾಗಲಿ, ಮಳೆಗಾಲದಲ್ಲಿ ಇದರಷ್ಟು ಉಪಕಾರಕ್ಕೆ ಬರುವ ವಸ್ತು ಮತ್ತೊಂದಿಲ್ಲ. ಸಾಮಾನ್ಯ ಕಾಲುಚೀಲದ ಹೆಣಿಗೆ ಸಡಿಲವಾಗಿರುವುದರಿಂದ ಜಿಗಣೆ ಅದರ ಕಣ್ಣುಗಳ ನಡುವೆ ತೂರಿಕೊಂಡು ಚರ್ಮವನ್ನು ಮುಟ್ಟುತ್ತದೆ; ಒತ್ತಾಗಿ ನೇಯ್ದ ಪಾಪ್ಲಿನ್ ಬಟ್ಟೆಯಲ್ಲಿ ಅದಕ್ಕೆ ದಾರಿಯಿಲ್ಲ. ಬಣ್ಣ ಬಿಳಿಯೋ ತಿಳಿಹಳದಿಯೋ ಇದ್ದರೆ, ಹತ್ತುತ್ತಿರುವ ಜಿಗಣೆ ಕಣ್ಣಿಗೆ ಬಿದ್ದು ಮಂಡಿಗೆ ತಲುಪುವ ಮುನ್ನವೇ ಅದನ್ನು ಕಿತ್ತೆಸೆಯಬಹುದು. ಒಂದು ಜೊತೆಗೆ ಒಂದೂಕಾಲು ಮೀಟರ್ ಬಟ್ಟೆ ಸಾಕಾಗುತ್ತದೆ. ಹತ್ತಿ ಕುಗ್ಗುವುದರಿಂದ ಕತ್ತರಿಸುವ ಮೊದಲು ಒಮ್ಮೆ ಬಿಸಿನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಬೇಕು.

ಅಳತೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ನೇಯ್ದ ಬಟ್ಟೆ ಹಿಗ್ಗುವುದಿಲ್ಲ, ಹಾಗಾಗಿ ಕಣಕಾಲಿನ ಸುತ್ತಳತೆಗೆ ಸರಿಯಾಗಿ ಹೊಲಿದ ಚೀಲದೊಳಗೆ ಪಾದವೇ ಇಳಿಯುವುದಿಲ್ಲ. ಹಿಮ್ಮಡಿಯ ತುದಿಯಿಂದ ಪಾದದ ಮೇಲಿನ ಉಬ್ಬಿನವರೆಗೆ ಓರೆಯಾಗಿ ಟೇಪು ಸುತ್ತಿ ಬರುವ ಅಳತೆಯೇ ಇಲ್ಲಿ ಲೆಕ್ಕಕ್ಕೆ ಬರುವುದು. ಅದು 34 ಸೆಂಟಿಮೀಟರ್ ಎಂದಾದರೆ ಅದರ ಅರ್ಧ 17, ಸಡಿಲಕ್ಕೆ 2, ಎರಡೂ ಬದಿಯ ಹೊಲಿಗೆಗೆ 3 ಸೇರಿಸಿ ಕಣಕಾಲಿನ ಬಳಿ 22 ಸೆಂಟಿಮೀಟರ್ ಅಗಲ ಬಿಡಬೇಕು. ಮೇಲಿನ ಬಾಯಿಯನ್ನು ಪ್ಯಾಂಟು ತೊಟ್ಟ ಮೀನಖಂಡದ ಮೇಲೆಯೇ ಅಳೆದುಕೊಳ್ಳಿ, ಎತ್ತರ ಮಂಡಿಯ ಕೆಳಗಿನವರೆಗೆ ಬರಲಿ.

ಇನ್ನು ಕತ್ತರಿಸುವ ಕ್ರಮ. ಪೇಟೆಯಲ್ಲಿ ಸಿಗುವ ಕೆಲವು ಚೀಲಗಳಲ್ಲಿ ಹೊಲಿಗೆ ಅಂಗಾಲಿನ ನಡುವೆಯೇ ಹಾದುಹೋಗಿರುತ್ತದೆ. ಒದ್ದೆ ಕಾಲಿನಲ್ಲಿ ನಾಲ್ಕು ಕಿಲೋಮೀಟರ್ ಇಳಿದರೆ ಅದೇ ಗೆರೆಯ ಮೇಲೆ ಬೊಬ್ಬೆ ಏಳುತ್ತದೆ. ಇದನ್ನು ತಪ್ಪಿಸಲು ಬಟ್ಟೆಯನ್ನು ಮಡಚಿ, ಮಡಿಕೆಯ ಅಂಚೇ ಅಂಗಾಲಾಗುವಂತೆ ಅದರ ಮೇಲೆ ಪಾದ ಮತ್ತು ಕಾಲಿನ ಪಕ್ಕನೋಟವನ್ನು ಬರೆದುಕೊಂಡು, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಬೇಕು. ಆಗ ಅಂಗಾಲು ಅಖಂಡವಾಗಿ ಉಳಿದು, ಒಂದು ಹೊಲಿಗೆ ಹಿಮ್ಮಡಿಯಿಂದ ಹಿಂಬದಿಗೂ, ಇನ್ನೊಂದು ಬೆರಳ ತುದಿಯಿಂದ ಮುಂಗಾಲಿನ ಮೇಲೂ ಸಾಗುತ್ತದೆ. ಹೊಲಿಗೆಯ ಅಂಚು ಹೊರಬದಿಗೆ ಬರುವಂತೆ ಹೊಲಿದರೆ ಕಾಲಿಗೆ ಉಜ್ಜುವುದಿಲ್ಲ. ನೋಟಕ್ಕೆ ತಿರುವುಮುರುವಾಗಿ ತೊಟ್ಟಂತೆ ಕಾಣುತ್ತದೆ, ಕಾಣಲಿ. ಪಾದ ಕಾಲಿಗೆ ಸೇರುವ ಒಳಬಾಗಿನಲ್ಲಿ ಹೊಲಿಗೆಯನ್ನು ಮುಟ್ಟದಂತೆ ಅಂಚಿಗೆ ಎರಡು ಮೂರು ಸಣ್ಣ ಕತ್ತರಿಗೀರು ಹಾಕದಿದ್ದರೆ ಬಟ್ಟೆ ಅಲ್ಲೇ ಸೆಳೆದುಕೊಂಡು ಹರಿಯುತ್ತದೆ. ಹೊಲಿಗೆಯ ಅಂತರ 2 ಮಿಲಿಮೀಟರಿಗಿಂತ ಹೆಚ್ಚದಿರಲಿ, ಏಕೆಂದರೆ ಸಡಿಲ ಹೊಲಿಗೆಯ ಬಿರುಕೂ ಮರಿಜಿಗಣೆಗೆ ಬಾಗಿಲೇ. ಬಾಯಿಗೆ ಎಲಾಸ್ಟಿಕ್ ಬೇಡ, ಲಂಗಕ್ಕೆ ಹಾಕುವಂತೆ ಲಾಡಿ ಪೋಣಿಸಿ; ಬಿಗಿಯನ್ನು ನಮ್ಮ ಇಚ್ಛೆಯಂತೆ ಹಿಡಿಯಬಹುದು. ಮಾಮೂಲಿ ಕಾಲುಚೀಲದ ಮೇಲೆ ಇದನ್ನು ತೊಟ್ಟು, ಅದರ ಮೇಲೆ ಬೂಟು ಹಾಕಬೇಕು.

ತಂಗುವಲ್ಲಿ ತಲೆಯ ಮೇಲೆ ಮಾಡಿನಂತೆ ಕಟ್ಟುವ ಮಳೆಹೊದಿಕೆಯಲ್ಲಿ ತೂತಿನ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ಸುಮಾರು 150 ಸೆಂಟಿಮೀಟರ್ ಅಗಲದ ಬಟ್ಟೆಯ ಮೂರು ಮೂರು ಮೀಟರಿನ ಎರಡು ತುಂಡುಗಳನ್ನು ಜೋಡಿಸಿದರೆ ಇಬ್ಬರಿಗೆ ಸಾಕಾಗುವ ಹೊದಿಕೆಯಾಗುತ್ತದೆ. ಜೋಡಿಸುವಾಗ ಗುಂಡುಸೂಜಿಯನ್ನು ಖಂಡಿತ ಬಳಸಬಾರದು. ಅದು ಮಾಡಿದ ತೂತು ಈ ಬಟ್ಟೆಯಲ್ಲಿ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಜೀನ್ಸ್ ಪ್ಯಾಂಟಿನಲ್ಲಿ ಕಾಣುವಂತೆ ಎರಡೂ ಅಂಚುಗಳನ್ನು ಒಂದರೊಳಗೊಂದು ಕೊಕ್ಕೆಯಂತೆ ಮಡಚಿ ಎರಡು ಸಾಲು ಹೊಲಿದರೆ ಜೋಡಣೆ ಗಟ್ಟಿಯಾಗುತ್ತದೆ. ಈ ಮಡಿಕೆ ಇಳಿಜಾರಿನಲ್ಲಿ ಬರುವುದಾದರೆ ಅದರ ತೆರೆದ ಬಾಯಿ ಕೆಳಮುಖವಾಗಿರಬೇಕು. ಹೆಂಚು ಹೊದಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಮೊದಲು ಹೊಲಿದ ಹೊದಿಕೆಯಲ್ಲಿ ಬಾಯಿ ಮೇಲ್ಮುಖವಾಗಿ, ಮಡಿಕೆಯ ತುಂಬ ನೀರು ನಿಂತು, ರಾತ್ರಿಯಿಡೀ ಹನಿಯುತ್ತಲೇ ಇತ್ತು.

ಹಗ್ಗ ಕಟ್ಟುವ ಕುಣಿಕೆಗಳನ್ನು ಅಂಚಿನ ಪಟ್ಟಿಯ ಮೇಲೆಯೇ ಹೊಲಿಯಬೇಕು, ಅಲ್ಲಿ ನೀರು ಹೇಗಿದ್ದರೂ ಹೊರಗೆ ಬೀಳುವುದರಿಂದ ತೂತಿನಿಂದ ನಷ್ಟವಿಲ್ಲ. ಮೂಲೆಗೆ ಅದೇ ಬಟ್ಟೆಯ ಇನ್ನೆರಡು ಪದರ ಕೊಟ್ಟು, ಕುಣಿಕೆಯ ಬುಡಕ್ಕೆ ಚೌಕವನ್ನೂ ಅದರೊಳಗೆ ಗುಣಾಕಾರದ ಗುರುತನ್ನೂ ಹೊಲಿದರೆ ಸಾಕು. ಗಟ್ಟಿಯಾಗಲಿ ಎಂದು ಒಂದೇ ಜಾಗದಲ್ಲಿ ಹತ್ತು ಸಲ ಯಂತ್ರ ಓಡಿಸಿದರೆ ಅಂಚೆಚೀಟಿಯ ಹಾಳೆಯಂತೆ ತೂತುಗಳ ಸಾಲಿನಲ್ಲೇ ಬಟ್ಟೆ ಹರಿದುಹೋಗುತ್ತದೆ. ಕಾಫಿ ಕಣದ ನೀಲಿ ಟಾರ್ಪಾಲಿಗಂತೂ ಸೂಜಿ ತಾಗಿಸಲೇಬಾರದು. ಅದರ ರಿಂಗು ಕಿತ್ತುಹೋದಲ್ಲಿ ನಿಂಬೆಕಾಯಿ ಗಾತ್ರದ ನುಣುಪಾದ ಕಲ್ಲೊಂದನ್ನು ಒಳಗಿಟ್ಟು, ಗಂಟು ಬಿಗಿದಂತೆ ಅದರ ಕತ್ತಿಗೆ ಹಗ್ಗ ಕಟ್ಟಿದರೆ ಹೊಸ ಕುಣಿಕೆಯಾಯಿತು.

ಹೊಲಿಗೆಯನ್ನು ಮುಚ್ಚುವ ಅಂಟು ಬಟ್ಟೆಯ ಲೇಪಕ್ಕೆ ಹೊಂದಬೇಕು. ಎರಡೂ ಬದಿ ಜಾರುವಂತಿದ್ದು ಅಂಟುಟೇಪು ಹಿಡಿಯದಿದ್ದರೆ ಅದು ಸಿಲಿಕೋನ್ ಲೇಪದ ಬಟ್ಟೆ, ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಶುದ್ಧ ಸಿಲಿಕೋನ್ ಒಂದು ಪಾಲಿಗೆ ಮೂರು ಪಾಲಿನಷ್ಟು ಮಿನರಲ್ ಟರ್ಪೆಂಟೈನ್ ಬೆರೆಸಿ, ಗಾಳಿಯಾಡುವ ಜಗಲಿಯಲ್ಲಿ, ಒಲೆ ಬೀಡಿಗಳಿಂದ ದೂರವಿದ್ದು ಬ್ರಷ್ಷಿನಿಂದ ಹೊಲಿಗೆಯ ಹೊರಮೈಗೆ ಸವರಬೇಕು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದಲೇ ಆದ್ದರಿಂದ, ಬಟ್ಟೆ ಒಣಗಿದ್ದರೆ ಜಡಿಮಳೆಯ ಕಕ್ಕಡ ತಿಂಗಳಿನಲ್ಲೂ ಈ ಕೆಲಸ ನಡೆಯುತ್ತದೆ. ಒಂದು ದಿನ ಬಿಟ್ಟು ಪೌಡರ್ ಉದುರಿಸಿದರೆ ಮಡಚಿಟ್ಟಾಗ ಅಂಟಿಕೊಳ್ಳುವುದಿಲ್ಲ. ಒಂದೇ ಬದಿಗೆ ಪಾಲಿಯುರೆಥೇನ್ ಲೇಪವಿರುವ ಬಟ್ಟೆಗೆ ಅದೇ ಜಾತಿಯ ಅಂಟು ಬೇಕು. ಈ ಲೇಪ ಥಂಡಿಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ಜಿಗುಟಾಗಿ, ಕಮಟು ವಾಸನೆ ಬಂದು, ಸಿಪ್ಪೆಯೇಳುತ್ತದೆ. ಆಮೇಲೆ ಯಾವ ಹೊಲಿಗೆಯೂ ಅದನ್ನು ಉಳಿಸದು.

ಬ್ಯಾಗಿನ ಹೆಗಲಪಟ್ಟಿ ಕಿತ್ತುಹೋದರೆ ಯಂತ್ರಕ್ಕಿಂತ ಕೈಯೇ ಮೇಲು. ಹಳೆಯ ಹೊಲಿಗೆ ಬಿಚ್ಚಿ, ಪಟ್ಟಿಯನ್ನು 5 ಸೆಂಟಿಮೀಟರಿನಷ್ಟು ಒಳಗೆ ತೂರಿಸಿ, ದಪ್ಪ ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಉಜ್ಜಿ, ಅದರ ಎರಡು ತುದಿಗೂ ಒಂದೊಂದು ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಿಸುತ್ತ ಹೋಗಬೇಕು. ಒಂದು ಕಡೆಯ ದಾರ ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ, ಮೇಣ ತೂತನ್ನೂ ಸ್ವಲ್ಪ ಮುಚ್ಚುತ್ತದೆ.

ಹೊಲಿದದ್ದನ್ನು ಬೆಟ್ಟಕ್ಕೆ ಒಯ್ಯುವ ಮೊದಲು ಒಂದು ಜಡಿಮಳೆಯ ರಾತ್ರಿ ಅಂಗಳದಲ್ಲಿ ಕಟ್ಟಿ, ಕೆಳಗೆ ಹಳೆಯ ಪತ್ರಿಕೆ ಹಾಸಿಡಿ. ಪತ್ರಿಕೆ ನೆನೆದ ಜಾಗದ ನೇರ ಮೇಲೆ ತೂತನ್ನು ಹುಡುಕಿದರೆ ಸಿಗುವುದಿಲ್ಲ. ನೀರು ಬಟ್ಟೆಯ ಒಳಮೈ ಹಿಡಿದು ಜಾರಿ ಬಂದು ಅಲ್ಲಿ ಹನಿದಿರುತ್ತದೆ. ಟಾರ್ಚಿನ ಬೆಳಕನ್ನು ಅಲ್ಲಿಂದ ಮೇಲಕ್ಕೆ ಹಾಯಿಸುತ್ತ ಹೋದರೆ ತಪ್ಪಿದ ಹೊಲಿಗೆ ಕಾಣುತ್ತದೆ.