ಮೂರು ಮಾತ್ರೆಗೂ ಬಗ್ಗದ ಬಿಪಿ: ವಿಟಮಿನ್ ಡಿ ಪುಡಿಯ ಪ್ಯಾಕೆಟ್ ಒಡೆಯುವ ಮುನ್ನ

ಬಿಪಿಗೆ ಮೂರು ಬಗೆಯ ಮಾತ್ರೆ ನುಂಗಿದರೂ ಮೇಲಿನ ಸಂಖ್ಯೆ 150ರಿಂದ ಇಳಿಯುತ್ತಿಲ್ಲ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬೇರೆ ಬಂದಿದೆ. 'ಡಿ ಸರಿಹೋದರೆ ಬಿಪಿಯೂ ಇಳಿಯುತ್ತಂತೆ' ಎಂದು ಲಾಲ್‌ಬಾಗ್ ವಾಕಿಂಗಿನಲ್ಲಿ ಯಾರೋ ಹೇಳಿರುತ್ತಾರೆ. ಜಯನಗರದ ನಮ್ಮ ಮನೆಯಲ್ಲೂ ಹೀಗೇ ಆಯಿತು. ವಾರಕ್ಕೊಂದು ಎಂದು ಬರೆದುಕೊಟ್ಟಿದ್ದ 60,000 ಯೂನಿಟ್‌ನ ಪುಡಿಯನ್ನು ಅಮ್ಮ ಬೇಗ ಗುಣವಾಗಲಿ ಅಂತ ಸತತ ನಾಲ್ಕು ದಿನ ಹಾಲಿಗೆ ಬೆರೆಸಿ ಕುಡಿದಿದ್ದರು. ಔಷಧದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಖಾಲಿ ಪ್ಯಾಕೆಟ್ ಕಂಡಾಗ ನನ್ನ ಎದೆ ಧಸಕ್ಕೆಂದಿತು.

ಮೊದಲು ಬಿಪಿಯನ್ನು ಸರಿಯಾಗಿ ಅಳೆಯಿರಿ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಇರುವಂತೆ ಐದು ನಿಮಿಷ ಮಾತಿಲ್ಲದೆ ಕೂತುಕೊಳ್ಳಿ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಮಾತ್ರೆಗೆ ಮುನ್ನ ಎರಡು ಸಲ, ಸಂಜೆ ಎರಡು ಸಲ, ಹೀಗೆ ಒಂದು ವಾರ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ 135/85 ದಾಟಿದರೆ ಹೆಚ್ಚೇ.

ಆಮೇಲೆ ಡಬ್ಬಿ ನೋಡಿ. ತಪ್ಪಿಹೋದ ಮಾತ್ರೆಗಳೆಷ್ಟು? ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ. ಕೆಮ್ಮಿಗೆ ಅಗಿಯುವ ಜೇಷ್ಠಮಧುವೂ ಏರಿಸುತ್ತದೆ. ಇನ್ನು ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯೂ ಈ ಲೆಕ್ಕಕ್ಕೆ ಸೇರಬೇಕು.

ಈಗ ಡಿ ವಿಚಾರ. ಮೂತ್ರಪಿಂಡ ಬಿಡುವ ರೆನಿನ್ ಎಂಬ ರಾಸಾಯನಿಕ ರಕ್ತನಾಳ ಬಿಗಿಯಾಗುವಂತೆ ಮಾಡುವ ಸರಣಿಗೆ ಮೊದಲ ಕೊಂಡಿ. ಇಲಿಗಳಲ್ಲಿ ಡಿ ಈ ರೆನಿನ್ ಅನ್ನು ತಗ್ಗಿಸಿದ್ದು ಕಂಡಿತ್ತು. ಆಸೆ ಹುಟ್ಟಿದ್ದೇ ಅಲ್ಲಿಂದ. ಆದರೆ ಸ್ಕಾಟ್‌ಲೆಂಡಿನಲ್ಲಿ, ಇಂಥದ್ದೇ ಹಠಮಾರಿ ಬಿಪಿಯ 68 ಜನರ ಮೇಲೆ ನಡೆದ ಪ್ರಯೋಗದಲ್ಲಿ ಎರಡು ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್ ಕೊಟ್ಟರೂ ಆರು ತಿಂಗಳ ಕೊನೆಗೆ ಬಿಪಿ ಇಳಿಯಲಿಲ್ಲ. ಅಮೆರಿಕದಲ್ಲಿ ಡಿ ಕಡಿಮೆಯಿದ್ದ 534 ಜನರಿಗೆ ದಿನಕ್ಕೆ 400 ಇಲ್ಲವೇ 4,000 ಯೂನಿಟ್ ಕೊಟ್ಟು ನೋಡಿದಾಗಲೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಡಿ ನಂಬಿ ಬಿಪಿ ಮಾತ್ರೆ ನಿಲ್ಲಿಸುವುದು ಖಂಡಿತ ಬೇಡ.

ಕೊರತೆ ನಿಜವಾಗಿದ್ದರೆ ಮೂಳೆಗಾಗಿ ಡಿ ತೆಗೆದುಕೊಳ್ಳಿ. ವೈದ್ಯರು ಹೇಳಿದಷ್ಟು ವಾರ, ಹೇಳಿದಷ್ಟೇ ಪ್ರಮಾಣ, ಊಟದ ಜೊತೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಇದು. ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಇವು ಕ್ಯಾಲ್ಸಿಯಂ ಹೊರಹೋಗದಂತೆ ತಡೆಯುತ್ತವೆ. ಅದರ ಮೇಲೆ ಡಿಯೂ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಅತಿ ಬಾಯಾರಿಕೆ, ಮಲಬದ್ಧತೆ, ಗೊಂದಲ ಕಾಣಿಸಬಹುದು. ಅಮ್ಮನಿಗೂ ಆ ಮಾತ್ರೆ ಇತ್ತು. ಅವತ್ತೇ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ಮಿತಿಯೊಳಗಿತ್ತು. ಬಿಸಿಲಿಗೆ ನಿಲ್ಲುವುದಾದರೆ ಬಾಲ್ಕನಿಯ ಗಾಜು ತೆರೆದು ನಿಲ್ಲಿ. ಡಿ ತಯಾರಾಗಲು ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ವಾರದ ಪಟ್ಟಿ ಹಿಡಿದು ವೈದ್ಯರ ಬಳಿ ಹೋದಾಗ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಮರೆಯದೆ ಹೇಳಿ. ದೇಹದಲ್ಲಿ ಉಪ್ಪು ಉಳಿಸಿ ಬಿಪಿ ಏರಿಸುವ ಆಲ್ಡೋಸ್ಟಿರೋನ್ ಹಾರ್ಮೋನ್ ಪರೀಕ್ಷೆ ಬೇಕೇ ಎಂದು ಕೇಳಿ. ನಾಲ್ಕನೆಯ ಔಷಧವಾಗಿ ಸ್ಪಿರೋನೊಲ್ಯಾಕ್ಟೋನ್ ಚೆನ್ನಾಗಿ ಕೆಲಸ ಮಾಡುತ್ತದೆಂದು 2015ರ ಬ್ರಿಟನ್ ಪ್ರಯೋಗ ತೋರಿಸಿದೆ. ಅದು ರಕ್ತದ ಪೊಟ್ಯಾಷಿಯಂ ಏರಿಸಬಹುದು, ಶುರು ಮಾಡಿದರೆ ಪೊಟ್ಯಾಷಿಯಂ ಪರೀಕ್ಷೆ ತಪ್ಪಿಸಬೇಡಿ, ಪೊಟ್ಯಾಷಿಯಂ ಹೆಚ್ಚಿರುವ ಎಳನೀರು ದಿನಾ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ.